ಒಬ್ಬನ ಪಾತ್ರವೇ ಎಲ್ಲರನ್ನೂ ಮೀರಿ ಬೆಳೆದರೆ ಡಿಎಂ (ಆಟ ನಡೆಸುವವರು) ಏನು ಮಾಡಬೇಕು?

ಪ್ರಶ್ನೆ: "ಬೆಂಗಳೂರಿನಲ್ಲಿ ನಾಲ್ಕು ಜನ ಗೆಳೆಯರಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಕಥೆ ಕಟ್ಟಿ ಆಡುವ ಆಟ ಆಡಿಸುತ್ತೇನೆ. ಭಾನುವಾರ ಮಧ್ಯಾಹ್ನ ಒಂದು ನಾಲ್ಕು ಗಂಟೆ ಆಟ. 2014ರ ಐದನೇ ಆವೃತ್ತಿಯ ರೂಲ್ಸ್. ಎಲ್ಲರೂ ಈಗ 8ನೇ ಲೆವೆಲ್. ಒಬ್ಬನದು ಪ್ಯಾಲಡಿನ್ (ಧರ್ಮವೀರ) 7 ಲೆವೆಲ್, ಜೊತೆಗೆ ಹೆಕ್ಸ್‌ಬ್ಲೇಡ್ ವಾರ್ಲಾಕ್ (ಶಾಪ ಹಾಕುವ ಕತ್ತಿಯ ಮಾಂತ್ರಿಕ) 1 ಲೆವೆಲ್. ಉಳಿದವರು ರೋಗ್ (ಕಳ್ಳ), ವಿಜರ್ಡ್ (ಮಂತ್ರವಾದಿ), ಕ್ಲೆರಿಕ್ (ಪೂಜಾರಿ). ಶುರುವಿನಲ್ಲಿ ಡೈಸ್ ಹಾಕಿ ಪಾತ್ರಗಳ ಬಲ, ಬುದ್ಧಿ ಮುಂತಾದವುಗಳ ಅಂಕ ತೆಗೆದಿದ್ದೆವು. ಪ್ಯಾಲಡಿನ್‌ಗೆ 18, 17, 16, 14, 12, 11 ಬಿತ್ತು. ರೋಗ್‌ಗೆ 14, 13, 12, 12, 10, 9. ನಾನೇ ಕೊಟ್ಟ +1 ಶೀಲ್ಡ್ (ಮ್ಯಾಜಿಕ್ ಗುರಾಣಿ), ಕ್ಲೋಕ್ ಆಫ್ ಪ್ರೊಟೆಕ್ಷನ್ (ಕಾಯುವ ಮೇಲುಹೊದಿಕೆ) ಎಲ್ಲ ಸೇರಿ ಪ್ಯಾಲಡಿನ್‌ನ ಎಸಿ (ಪೆಟ್ಟು ತಡೆಯುವ ಅಂಕ) 23. ಶೀಲ್ಡ್ ಎಂಬ ಸ್ಪೆಲ್ (ಮಂತ್ರ) ಹಾಕಿದರೆ 28. ದೊಡ್ಡ ದೊಡ್ಡ ರಾಕ್ಷಸರನ್ನು ತಂದರೂ ಎರಡು ಮೂರು ಸುತ್ತಿನಲ್ಲಿ ಅವನ ಸ್ಮೈಟ್‌ಗೆ (ಕತ್ತಿಯ ಏಟಿಗೆ ಸೇರಿಸುವ ದೈವಬಲದ ಪೆಟ್ಟು) ಸಾಯುತ್ತಾರೆ. ರಾಕ್ಷಸರನ್ನು ಇನ್ನೂ ಜೋರು ಮಾಡಿದೆ. ಪ್ಯಾಲಡಿನ್‌ಗೆ ಏನೂ ಆಗಲಿಲ್ಲ, ವಿಜರ್ಡ್ ಎರಡು ಸಲ ಸಾಯುವ ಹಂತಕ್ಕೆ ಹೋದ. ಊರಿನಲ್ಲಿ ಯಾರ ಹತ್ತಿರ ಮಾತಾಡಬೇಕಾದರೂ ಪ್ಯಾಲಡಿನ್‌ನೇ ಮುಂದೆ. ರೋಗ್ ಆಡುವವಳು ಮಧ್ಯೆ ಮಧ್ಯೆ ಫೋನ್ ನೋಡುತ್ತಿರುತ್ತಾಳೆ. ವಿಜರ್ಡ್ ಆಡುವವನು ಎರಡು ವಾರದಿಂದ ಬಂದಿಲ್ಲ. ಕಥೆಯಲ್ಲಿ ಕಳ್ಳರನ್ನು ತಂದು ಆ ಶೀಲ್ಡ್ ಕದಿಸಿಬಿಡೋಣ ಅಂತ ಯೋಚನೆ. ಮಾಡಬಹುದಾ?"

ಉತ್ತರ: ಮೊದಲು ಕೊನೆಯ ಪ್ರಶ್ನೆ. ಬೇಡ, ಕದಿಸಬೇಡಿ. ಲೆಕ್ಕ ಹಾಕಿ ನೋಡಿ. ಆ +1 ಶೀಲ್ಡ್ ಹೋದರೆ ಅವನ ಎಸಿ 23ರಿಂದ 20ಕ್ಕೆ ಇಳಿಯುತ್ತದೆ. ಮುಂದಿನ ಊರಿನಲ್ಲಿ 10 ಚಿನ್ನದ ನಾಣ್ಯ ಕೊಟ್ಟು ಸಾದಾ ಶೀಲ್ಡ್ ಕೊಂಡರೆ ಮತ್ತೆ 22. ಇಷ್ಟೆಲ್ಲ ನಾಟಕ ಮಾಡಿ ನೀವು ಕಿತ್ತುಕೊಂಡದ್ದು ಒಂದೇ ಒಂದು ಅಂಕ. ಕದಿಸಿದ್ದು ಯಾರು ಅಂತ ಮೇಜಿನ ಸುತ್ತ ಕೂತ ಎಲ್ಲರಿಗೂ ಗೊತ್ತಾಗುತ್ತದೆ, ಅಲ್ವಾ? ಅಲ್ಲಿಂದ ಮುಂದೆ ನೀವು ಕಥೆಯಲ್ಲಿ ಯಾವ ಬಡ ಬ್ರಾಹ್ಮಣನನ್ನು ತಂದರೂ ಆ ಗೆಳೆಯ ಕತ್ತಿಯ ಮೇಲೆ ಕೈ ಇಟ್ಟುಕೊಂಡೇ ಮಾತಾಡುತ್ತಾನೆ.

ಇದೇ ಜಾತಿಯ ಇನ್ನೊಂದು ಸಲಹೆಯನ್ನೂ ಯಾರಾದರೂ ಕೊಟ್ಟಿರುತ್ತಾರೆ: ರಸ್ಟ್ ಮಾನ್ಸ್ಟರ್ ಬಿಡಿ, ಕಬ್ಬಿಣವೆಲ್ಲ ತುಕ್ಕು ಹಿಡಿಯಲಿ. ಅದೂ ಕೆಲಸಕ್ಕೆ ಬಾರದು. ಐದನೇ ಆವೃತ್ತಿಯಲ್ಲಿ ಆ ಪ್ರಾಣಿ ಮ್ಯಾಜಿಕ್ ಇಲ್ಲದ ಕಬ್ಬಿಣವನ್ನಷ್ಟೇ ಹಾಳು ಮಾಡುತ್ತದೆ. ನಿಮ್ಮ +1 ಶೀಲ್ಡ್‌ಗೆ ಏನೂ ಆಗುವುದಿಲ್ಲ. 1,500 ಚಿನ್ನದ ನಾಣ್ಯದ ಪ್ಲೇಟ್ ಆರ್ಮರ್ ಹಾಳಾಗುತ್ತದೆ, ಜೊತೆಗೆ ಏನೂ ತಪ್ಪು ಮಾಡದ ಕ್ಲೆರಿಕ್‌ನ ಕಬ್ಬಿಣದ ಕವಚವೂ ಹೋಗುತ್ತದೆ.

ಈ ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಒಬ್ಬರು ಕಥೆ ನಡೆಸುತ್ತಾರೆ, ಅವರು ಡಂಜನ್ ಮಾಸ್ಟರ್, ಎಲ್ಲರ ಬಾಯಲ್ಲಿ ಡಿಎಂ. ಉಳಿದವರು ಒಂದೊಂದು ಪಾತ್ರ ಆಡುತ್ತಾರೆ. ಹೊಡೆಯಬೇಕಾದರೆ 20 ಮುಖದ ಡೈಸ್ ಹಾಕಿ, ತಮ್ಮ ಬೋನಸ್ ಕೂಡಿಸಿ, ಎದುರಾಳಿಯ ಆರ್ಮರ್ ಕ್ಲಾಸ್ ಅಂದರೆ ಎಸಿಯನ್ನು ಮುಟ್ಟಬೇಕು. ಎಸಿ ಜಾಸ್ತಿ ಇದ್ದಷ್ಟೂ ಪೆಟ್ಟು ಬೀಳುವುದು ಕಡಿಮೆ. ಇಷ್ಟು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ.

ಇದು ನಿಮ್ಮೊಬ್ಬರ ತಲೆನೋವೂ ಅಲ್ಲ, ಹೊಸದೂ ಅಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಈ ಆಟ ಹೊರತಂದದ್ದು 1974ರಲ್ಲಿ. ಮರುವರ್ಷವೇ, 1975ರಲ್ಲಿ, ತಮ್ಮ ಪಾತ್ರಗಳನ್ನು ಯಾರೂ ಏನೂ ಮಾಡಲಾರರು ಅಂತ ಜಂಬ ಪಡುತ್ತಿದ್ದ ನುರಿತ ಆಟಗಾರರಿಗೋಸ್ಕರ ಗೈಗ್ಯಾಕ್ಸ್ 'ಟೂಂಬ್ ಆಫ್ ಹಾರರ್ಸ್' ಎಂಬ ಕ್ರೂರ ಗೋರಿಯ ಸಾಹಸವನ್ನು ಬರೆದರು. 1976ರಲ್ಲಿ ಬಂದ ದೇವತೆಗಳ ಪುಸ್ತಕದ ಮುನ್ನುಡಿಯಲ್ಲಿ, ಸಿಕ್ಕಿದ್ದೆಲ್ಲ ಬಹುಮಾನ ಕೊಟ್ಟು 40ನೇ ಲೆವೆಲ್ ದಾಟಿಸುವ ಡಿಎಂಗಳನ್ನು ಸಂಪಾದಕರೇ ಗೇಲಿ ಮಾಡಿದ್ದಾರೆ. ಅಂಥ ಡಿಎಂಗೆ ಆಗಿನಿಂದಲೂ 'ಮಾಂಟಿ ಹಾಲ್' ಅಂತ ಅಡ್ಡಹೆಸರು. ಟಿವಿಯಲ್ಲಿ ಬಹುಮಾನ ಹಂಚುತ್ತಿದ್ದ ಒಬ್ಬ ನಿರೂಪಕರ ಹೆಸರು ಅದು. ಆಟಕ್ಕೆ ಮೂರು ವರ್ಷ ತುಂಬುವ ಮೊದಲೇ ಈ ದೂರು ಪುಸ್ತಕಕ್ಕೆ ಏರಿತ್ತು.

ಈಗ ನಿಮ್ಮ ಪತ್ರಕ್ಕೆ ಬರೋಣ. ನೀವು ಪ್ಯಾಲಡಿನ್‌ನ ಬಗ್ಗೆ ಬರೆದಿದ್ದೀರಿ. ನನಗೆ ಅದರಲ್ಲಿ ಕಂಡದ್ದು ರೋಗ್‌ನ ಫೋನ್ ಮತ್ತು ವಿಜರ್ಡ್‌ನ ಖಾಲಿ ಕುರ್ಚಿ. ನಾಲ್ವರಿಗೂ ಎಸಿ 23 ಇದ್ದಿದ್ದರೆ ನೀವು ಪತ್ರ ಬರೆಯುತ್ತಿರಲಿಲ್ಲ, ಸುಮ್ನೆ ದೊಡ್ಡ ಡ್ರ್ಯಾಗನ್ ತಂದು ಕೂರಿಸುತ್ತಿದ್ದಿರಿ. ಒಂದು ಪಾತ್ರ ಅತಿಯಾಯಿತು ಅನ್ನುವುದನ್ನು ಅದರ ಹಾಳೆ ನೋಡಿ ಹೇಳಲು ಆಗುವುದಿಲ್ಲ, ಪಕ್ಕದವರ ಹಾಳೆ ಜೊತೆ ಇಟ್ಟು ನೋಡಬೇಕು. ಗಲ್ಲಿ ಕ್ರಿಕೆಟ್‌ನಲ್ಲಿ ಒಬ್ಬನೇ ಸಂಜೆಯವರೆಗೆ ಬ್ಯಾಟ್ ಹಿಡಿದು ನಿಂತರೆ ಉಳಿದವರು ಚೆಂಡು ಹೆಕ್ಕಿ ತಂದು ತಂದು ಮನೆಗೆ ಹೋಗುತ್ತಾರಲ್ಲ, ನಿಮ್ಮ ಮೇಜಿನಲ್ಲಿ ಆಗುತ್ತಿರುವುದು ಅದೇ. ಅವನು ಚೆನ್ನಾಗಿ ಆಡುವುದು ತಪ್ಪಲ್ಲ. ಬೇರೆಯವರಿಗೆ ಬ್ಯಾಟ್ ಸಿಗುತ್ತಿಲ್ಲ.

ಹಾಗಾಗಿ ಅವನನ್ನು "ಪವರ್ ಗೇಮರ್" ಅಂತ ಬೈಯುವುದನ್ನು ಮೊದಲು ಬಿಡೋಣ. ಪ್ಯಾಲಡಿನ್‌ಗೆ ಒಂದು ಲೆವೆಲ್ ಹೆಕ್ಸ್‌ಬ್ಲೇಡ್ ಸೇರಿಸುವುದು ಈ ಆವೃತ್ತಿಯ ಹಳೇ ಪ್ರಸಿದ್ಧ ಜೋಡಿ. 2017ರಲ್ಲಿ ಹೆಕ್ಸ್‌ಬ್ಲೇಡ್ ಪುಸ್ತಕಕ್ಕೆ ಬಂದಾಗಿನಿಂದ ಜನ ಮಾಡುತ್ತಲೇ ಇದ್ದಾರೆ. ಒಂದೇ ಲೆವೆಲ್‌ಗೆ ಕತ್ತಿಯನ್ನು ಕರಿಸ್ಮದಿಂದ (ವ್ಯಕ್ತಿತ್ವದ ಸೆಳೆತದ ಅಂಕ) ಬೀಸಬಹುದು, ಶೀಲ್ಡ್ ಸ್ಪೆಲ್ ಸಿಗುತ್ತದೆ, ಶಾರ್ಟ್ ರೆಸ್ಟ್ (ಚಿಕ್ಕ ವಿಶ್ರಾಂತಿ) ಮಾಡಿದರೆ ತುಂಬಿಕೊಳ್ಳುವ ಒಂದು ಸ್ಲಾಟ್ (ಸ್ಪೆಲ್ ಅಥವಾ ಸ್ಮೈಟ್‌ಗೆ ಖರ್ಚಾಗುವ ಶಕ್ತಿಯ ಪಾಲು) ಸಿಗುತ್ತದೆ. ಅವನು ಪುಸ್ತಕ ಓದಿ, ನಿಮ್ಮ ಒಪ್ಪಿಗೆ ಪಡೆದು ಮಾಡಿದ್ದಾನೆ. 18, 17, 16 ಬಿದ್ದದ್ದು ಡೈಸ್‌ನ ಕೆಲಸ. ಶೀಲ್ಡ್, ಕ್ಲೋಕ್ ಕೊಟ್ಟದ್ದು ನೀವು. ಇದರಲ್ಲಿ ಮೋಸ ಎಲ್ಲಿದೆ?

ಆದರೆ ಮೋಸ ಬೇರೆ, ರೂಲ್ ತಪ್ಪಾಗಿ ಓದುವುದು ಬೇರೆ. ಎರಡನೆಯದು ಬಹಳ ಸಾಮಾನ್ಯ. ನನ್ನ ಹತ್ತಿರ ಇಂಥ ದೂರು ತರುವ ಡಿಎಂಗಳಿಗೆ ಮೊದಲು ಹೇಳುವುದು, ಪಾತ್ರದ ಹಾಳೆ ತರಿಸಿ ಒಂದೊಂದು ಸಾಲನ್ನೂ ಪುಸ್ತಕದ ಜೊತೆ ಹೋಲಿಸಿ ಅಂತ. ನಿಮ್ಮ ಪ್ಯಾಲಡಿನ್ ವಿಷಯದಲ್ಲಿ ನಾನು ನೋಡುವ ಮೊದಲ ಜಾಗ ಅವನ ಕೈಗಳು. ಶೀಲ್ಡ್ ಸ್ಪೆಲ್‌ಗೆ ಮಂತ್ರ ಹೇಳಬೇಕು, ಕೈಸನ್ನೆಯೂ ಮಾಡಬೇಕು. ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಗುರಾಣಿ. ಸನ್ನೆ ಮಾಡುವ ಕೈ ಯಾವುದು? ಗುರಾಣಿಯ ಮೇಲೆ ದೇವರ ಚಿಹ್ನೆ ಕೆತ್ತಿಸಿದ್ದೇನೆ ಅಂದರೂ ನಡೆಯುವುದಿಲ್ಲ. ಆ ಸೌಲಭ್ಯ ಸಾಮಗ್ರಿ ಬೇಕಾದ ಸ್ಪೆಲ್‌ಗಳಿಗೆ ಮಾತ್ರ, ಶೀಲ್ಡ್ ಸ್ಪೆಲ್‌ಗೆ ಸಾಮಗ್ರಿ ಇಲ್ಲ. ವಾರ್ ಕ್ಯಾಸ್ಟರ್ ಎಂಬ ಫೀಟ್ (ವಿಶೇಷ ಸಾಮರ್ಥ್ಯ) ಇದ್ದರೆ ಮಾತ್ರ ಎರಡೂ ಕೈ ತುಂಬಿದ್ದರೂ ಸನ್ನೆ ಮಾಡಬಹುದು. ಅವನ ಹತ್ತಿರ ಅದು ಇಲ್ಲದಿದ್ದರೆ 28 ಅನ್ನುವ ಅಂಕಿ ಅರ್ಧಕ್ಕರ್ಧ ಸಂದರ್ಭಗಳಲ್ಲಿ ಮಾಯ. ಎರಡನೇ ಜಾಗ ರಿಯಾಕ್ಷನ್, ಅಂದರೆ ಬೇರೆಯವರ ನಡೆಗೆ ತಟ್ಟನೆ ಕೊಡುವ ಪ್ರತಿಕ್ರಿಯೆ. ಒಂದು ಸುತ್ತಿಗೆ ಒಂದೇ. ಶೀಲ್ಡ್‌ಗೆ ಖರ್ಚು ಮಾಡಿದರೆ, ಪಕ್ಕದಿಂದ ಓಡಿ ಹೋಗುವ ವೈರಿಗೆ ಹೊಡೆಯಲು ಆಗುವುದಿಲ್ಲ. ಮೂರನೆಯದು ಹೆಕ್ಸ್‌ಬ್ಲೇಡ್‌ನ ಶಾಪ. ಅದು ಒಂದು ರೆಸ್ಟ್‌ಗೆ ಒಂದೇ ಸಲ. ಇವನ್ನೆಲ್ಲ ಎಲ್ಲರ ಮುಂದೆ ಪೊಲೀಸ್ ವಿಚಾರಣೆ ಥರ ಕೇಳಬೇಡಿ. ಇಬ್ಬರೇ ಕೂತು ನೋಡಿ, ಆಗ ಅವನೇ "ಅಯ್ಯೋ, ಇದು ಗೊತ್ತಿರಲಿಲ್ಲ" ಅನ್ನುವ ಸಾಧ್ಯತೆ ಜಾಸ್ತಿ.

ಎಲ್ಲವೂ ಸರಿ ಇದೆ ಅಂತಿಟ್ಟುಕೊಳ್ಳೋಣ. ಆಗ ಬರುತ್ತದೆ ಅಸಲಿ ಕಾರಣ. ನಿಮ್ಮ ಪತ್ರದಲ್ಲಿ ನೀವು ಹೇಳದೇ ಬಿಟ್ಟ ಒಂದು ಸಂಗತಿ ಇದೆ: ಕಥೆಯ ಒಂದು ದಿನಕ್ಕೆ ಎಷ್ಟು ಕಾಳಗ ಇರುತ್ತದೆ? ಭಾನುವಾರ ನಾಲ್ಕು ಗಂಟೆ ಆಟ ಅಂದರೆ ನನ್ನ ಊಹೆ, ಒಂದು ಕಾಳಗ, ಅದೂ ಒಬ್ಬ ದೊಡ್ಡ ರಾಕ್ಷಸನ ಜೊತೆ, ಆಮೇಲೆ ಎಲ್ಲರೂ ಮಲಗಿ ಎದ್ದು ಮುಂದಿನ ವಾರ ಹೊಸದಾಗಿ ಶುರು. ಹೆಚ್ಚಿನ ಮೇಜುಗಳಲ್ಲಿ ಹೀಗೇ ನಡೆಯುತ್ತದೆ. ಆದರೆ 2014ರ ಡಂಜನ್ ಮಾಸ್ಟರ್ಸ್ ಗೈಡ್ ಲೆಕ್ಕ ಹಾಕಿರುವುದು ದಿನಕ್ಕೆ ಆರರಿಂದ ಎಂಟು ಮಧ್ಯಮ ಅಥವಾ ಕಠಿಣ ಎದುರಾಟ, ನಡುವೆ ಎರಡು ಶಾರ್ಟ್ ರೆಸ್ಟ್. ಇಡೀ ಆಟದ ತೂಕ ನಿಂತಿರುವುದು ಅದರ ಮೇಲೆ.

ನಿಮ್ಮ ಪ್ಯಾಲಡಿನ್‌ನನ್ನೇ ತೂಗಿ ನೋಡಿ. 7ನೇ ಲೆವೆಲ್ ಪ್ಯಾಲಡಿನ್‌ಗೆ ಮೊದಲ ದರ್ಜೆಯ ಸ್ಲಾಟ್ 4, ಎರಡನೇ ದರ್ಜೆಯದು 3, ವಾರ್ಲಾಕ್‌ನಿಂದ ಇನ್ನೊಂದು. ಒಟ್ಟು ಎಂಟು. ಮೊದಲ ದರ್ಜೆಯ ಸ್ಮೈಟ್ 2ಡಿ8 (8 ಮುಖದ ಎರಡು ಡೈಸ್), ಸರಾಸರಿ 9. ಎರಡನೆಯದು 3ಡಿ8, ಸರಾಸರಿ 13.5. ಎಂಟನ್ನೂ ಒಂದೇ ಕಾಳಗದಲ್ಲಿ ಸುರಿದರೆ ಸ್ಮೈಟ್‌ನಿಂದ ಮಾತ್ರವೇ ಸುಮಾರು 85. ಟ್ರೋಲ್ ಎಂಬ ದೈತ್ಯನಿಗೆ ಇರುವುದು 84 ಹಿಟ್ ಪಾಯಿಂಟ್ (ಜೀವದ ಅಂಕ)! ಕತ್ತಿಯ ಏಟು ಇದಕ್ಕೆ ಸೇರಿಲ್ಲ. ನಿಮ್ಮ ರಾಕ್ಷಸ ಎರಡು ಮೂರು ಸುತ್ತಿಗೆ ಸಾಯದೆ ಏನು ಮಾಡಬೇಕು?

ಈಗ ಅದೇ ಎಂಟು ಸ್ಲಾಟನ್ನು ಆರು ಕಾಳಗಕ್ಕೆ ಹಂಚಿ. ಎರಡು ಶಾರ್ಟ್ ರೆಸ್ಟ್‌ನಿಂದ ಇನ್ನೆರಡು ಬಂದು ಹತ್ತಾಯಿತು. ಒಂದು ಕಾಳಗಕ್ಕೆ ಎರಡೂ ಇಲ್ಲ. ಶೀಲ್ಡ್ ಸ್ಪೆಲ್‌ಗೂ ಇದೇ ಸ್ಲಾಟ್ ಬೇಕು. ಎಸಿ 28 ಬೇಕಾ, ಸ್ಮೈಟ್ ಬೇಕಾ ಅಂತ ಅವನು ಪ್ರತಿ ಸಲ ಯೋಚನೆ ಮಾಡಬೇಕಾಗುತ್ತದೆ. ಆಟದ ಮಜಾ ಇರುವುದೇ ಆ ಯೋಚನೆಯಲ್ಲಿ. ಈಗ ಅವನಿಗೆ ಆ ಮಜಾ ಕೂಡ ಸಿಗುತ್ತಿಲ್ಲ.

ರೋಗ್ ಕಡೆಯಿಂದ ನೋಡಿದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. 8ನೇ ಲೆವೆಲ್‌ನಲ್ಲಿ ಸ್ನೀಕ್ ಅಟ್ಯಾಕ್ (ಹೊಂಚು ಹಾಕಿ ಕೊಡುವ ಹೆಚ್ಚುವರಿ ಪೆಟ್ಟು) 4ಡಿ6. ಶಾರ್ಟ್‌ಬೋ (ಚಿಕ್ಕ ಬಿಲ್ಲು) ಮತ್ತು ಡೆಕ್ಸ್ (ಕೈಚಳಕ) +4 ಸೇರಿ ಒಂದು ಬಾಣಕ್ಕೆ ಸರಾಸರಿ 21.5. ಪ್ಯಾಲಡಿನ್ ಸ್ಮೈಟ್ ಇಲ್ಲದೆ, ಶಾಪ ಇಲ್ಲದೆ, ಕರಿಸ್ಮ +5 ಇಟ್ಟುಕೊಂಡು ಎರಡು ಏಟು ಹೊಡೆದರೆ 19. ಅಂದರೆ ಸ್ಲಾಟ್ ಖಾಲಿಯಾದ ಮೇಲೆ ನಿಮ್ಮ ರೋಗ್ ಅವನಿಗಿಂತ ಒಂದು ಕೈ ಮೇಲೆ! ರೋಗ್‌ಗೆ ಖಾಲಿಯಾಗುವುದಕ್ಕೆ ಏನೂ ಇಲ್ಲ. ಬೆಳಗ್ಗೆ ಮೊದಲ ಬಾಣಕ್ಕೂ ಅಷ್ಟೇ, ಸಂಜೆ ಕೊನೆಯ ಬಾಣಕ್ಕೂ ಅಷ್ಟೇ. ದಿನಕ್ಕೊಂದೇ ಕಾಳಗ ಇಟ್ಟರೆ ಈ ಗುಣಕ್ಕೆ ಬೆಲೆಯೇ ಇಲ್ಲ. ಅವಳು ಫೋನ್ ನೋಡುವುದರಲ್ಲಿ ಆಶ್ಚರ್ಯ ಏನಿದೆ?

ಹಾಗಾದರೆ ನಾಲ್ಕು ಗಂಟೆಯಲ್ಲಿ ಆರು ಕಾಳಗ ಮುಗಿಸುವುದು ಹೇಗೆ ಅಂತ ಕೇಳುತ್ತೀರಿ. ಮುಗಿಸಬೇಡಿ. ಕಥೆಯ ಒಂದು ದಿನ ಒಂದು ಭಾನುವಾರದಲ್ಲೇ ಮುಗಿಯಬೇಕು ಅಂತ ಎಲ್ಲೂ ಬರೆದಿಲ್ಲ. ಒಂದು ದಿನವನ್ನು ಎರಡು ಮೂರು ಭಾನುವಾರ ಎಳೆಯಿರಿ. ಉಳಿದ ಸ್ಲಾಟ್, ಹಿಟ್ ಪಾಯಿಂಟ್ ಎಲ್ಲವನ್ನೂ ಆಟ ಮುಗಿದ ತಕ್ಷಣ ಒಂದು ಹಾಳೆಯಲ್ಲಿ ಬರೆಸಿ ನೀವೇ ಇಟ್ಟುಕೊಳ್ಳಿ, ಯಾಕೆಂದರೆ ಒಂದು ವಾರ ಬಿಟ್ಟು ಬಂದವರಿಗೆ ಖರ್ಚು ಮಾಡಿದ್ದು ಯಾವತ್ತೂ ನೆನಪಿರುವುದಿಲ್ಲ. ಆರೇ ಆಗಬೇಕು ಅಂತಲೂ ಇಲ್ಲ. ನನ್ನ ಅನುಭವದಲ್ಲಿ ಮೂರು ನಾಲ್ಕು ಕಾಳಗ ಇದ್ದರೂ ಈ ಥರದ ಪಾತ್ರ ಹದಕ್ಕೆ ಬರುತ್ತದೆ. ಅವರು ಮಲಗದಂತೆ ತಡೆಯಲು ರಾತ್ರಿ ಹೊತ್ತು ಸುಮ್ನೆ ತೋಳಗಳನ್ನು ಬಿಡುವ ಚಾಳಿ ಬೇಡ, ಅದು ಎರಡನೇ ಸಲಕ್ಕೇ ಬೇಜಾರು ತರಿಸುತ್ತದೆ. ಕಥೆಯಲ್ಲೇ ಹೊತ್ತಿಗೆ ಬೆಲೆ ಇರಲಿ. ಇವರು ಎಂಟು ಗಂಟೆ ಮಲಗಿ ಎದ್ದರೆ ಒತ್ತೆಯಾಳನ್ನು ಬೇರೆ ಕಡೆ ಸಾಗಿಸಿರುತ್ತಾರೆ, ಅದನ್ನು ಮೊದಲೇ ಹೇಳಿಬಿಡಿ. ಆಮೇಲೆ ಮಲಗುವುದು ಬಿಡುವುದು ಅವರಿಷ್ಟ.

ಇದರಲ್ಲೂ ಒಂದು ಅಪಾಯ ಇದೆ. ವಿಜರ್ಡ್ ಮತ್ತು ಕ್ಲೆರಿಕ್ ಕೂಡ ಲಾಂಗ್ ರೆಸ್ಟ್ (ಮಲಗಿ ಏಳುವ ದೊಡ್ಡ ವಿಶ್ರಾಂತಿ) ನಂಬಿದವರು. ಅವರ ಹತ್ತಿರ ಪ್ಯಾಲಡಿನ್‌ಗಿಂತ ಜಾಸ್ತಿ ಸ್ಲಾಟ್ ಇದೆ ನಿಜ, ಆದರೆ ಅದು ಮುಗಿದರೆ ಪ್ಯಾಲಡಿನ್‌ಗೆ ಇರುವಷ್ಟು ಕವಚ, ಕತ್ತಿಯ ಬಲ ಅವರಿಗೆ ಇಲ್ಲ. ಡಿಎಂ ಪುಸ್ತಕದಲ್ಲಿ ಶಾರ್ಟ್ ರೆಸ್ಟ್ 8 ಗಂಟೆ, ಲಾಂಗ್ ರೆಸ್ಟ್ 7 ದಿನ ಅನ್ನುವ ಇನ್ನೊಂದು ಐಚ್ಛಿಕ ರೂಲ್ ಇದೆ. ನಿಧಾನವಾಗಿ ನಡೆಯುವ, ಪ್ರಯಾಣ ಜಾಸ್ತಿ ಇರುವ ಕಥೆಗೆ ಅದು ಹೊಂದುತ್ತದೆ. ಈಗಾಗಲೇ ಎರಡು ವಾರ ತಪ್ಪಿಸಿಕೊಂಡ ವಿಜರ್ಡ್ ಇರುವ ಮೇಜಿಗೆ ಅದನ್ನು ದಿಢೀರಂತ ತರುವುದು ನನಗೆ ಸರಿ ಕಾಣುವುದಿಲ್ಲ.

ರಾಕ್ಷಸರನ್ನು ಜೋರು ಮಾಡಿದರೆ ಸರಿಹೋಗುತ್ತದೆ ಅನ್ನುವುದು ಎಲ್ಲ ಡಿಎಂಗಳೂ ಮೊದಲು ಹಿಡಿಯುವ ದಾರಿ. ಯಾಕೆ ಕೈಕೊಟ್ಟಿತು ಅಂತ ನೋಡಿ. ಓಗರ್ ಎಂಬ ದೈತ್ಯನಿಗೆ ಹೊಡೆಯುವ ಬೋನಸ್ +6. ಎಸಿ 23ಕ್ಕೆ ಅವನು 17 ಅಥವಾ ಮೇಲೆ ಹಾಕಬೇಕು, ಅಂದರೆ ನೂರಕ್ಕೆ 20 ಸಲ. ಎಸಿ 16ರ ರೋಗ್‌ಗೆ ನೂರಕ್ಕೆ 55 ಸಲ. ಪ್ಯಾಲಡಿನ್‌ಗೂ 55 ಸಲ ತಾಗಲಿ ಅಂತ ಬೋನಸನ್ನು +13ಕ್ಕೆ ಏರಿಸಿದಿರಿ ಅನ್ನಿ. ಈಗ ರೋಗ್‌ಗೆ ನೂರಕ್ಕೆ 90. ಮೇಜ್ ಆರ್ಮರ್ ಎಂಬ ಕಾಯುವ ಸ್ಪೆಲ್ ಹಾಕಿಕೊಂಡ ಎಸಿ 15ರ ವಿಜರ್ಡ್‌ಗೆ 95, ಡೈಸ್‌ನಲ್ಲಿ 1 ಬಿದ್ದರೆ ಮಾತ್ರ ಬಚಾವ್. ಪ್ಯಾಲಡಿನ್‌ಗೆ ಅಂತ ಬೀಸಿದ ದೊಣ್ಣೆ ವಿಜರ್ಡ್ ತಲೆಗೆ ಬಿತ್ತು. ಅವನು ಬರುತ್ತಿಲ್ಲ ಅಂದರೆ ಇದೂ ಒಂದು ಕಾರಣ ಇರಬಹುದು. ಸಿಆರ್ ಅಂಕಿಯನ್ನು (ರಾಕ್ಷಸ ಎಷ್ಟು ಜೋರು ಅಂತ ಪುಸ್ತಕ ಹೇಳುವ ಅಂಕಿ) ನಂಬಿಕೊಂಡೂ ಪ್ರಯೋಜನ ಇಲ್ಲ. ಐದನೇ ಆವೃತ್ತಿಯ ಲೆಕ್ಕದಲ್ಲಿ ಮ್ಯಾಜಿಕ್ ವಸ್ತುಗಳನ್ನು ಹಿಡಿದೇ ಇಲ್ಲ, ನೀವು ಕೊಟ್ಟ ಪ್ರತಿ +1 ಆ ಲೆಕ್ಕದ ಹೊರಗಿನದು.

ದೊಣ್ಣೆ ದೊಡ್ಡದು ಮಾಡುವ ಬದಲು ಕಾಳಗದ ಆಕಾರ ಬದಲಿಸಿ. ಒಬ್ಬನೇ ದೊಡ್ಡ ರಾಕ್ಷಸ ಅಂದರೆ ಪ್ಯಾಲಡಿನ್‌ಗೆ ಹಬ್ಬ: ಎದುರು ನಿಂತ, ಎಲ್ಲ ಸ್ಮೈಟ್ ಒಂದೇ ಮೈ ಮೇಲೆ. ಆ ರಾಕ್ಷಸನಿಗೂ ಸುತ್ತಿಗೆ ಒಂದೇ ಸರದಿ, ಇವರಿಗೆ ನಾಲ್ಕು. ಅದರ ಬದಲು ಇಬ್ಬರು ಓಗರ್, ಸುತ್ತ ಹತ್ತು ಗಾಬ್ಲಿನ್ (ಕುಳ್ಳ ಪುಂಡರು) ಇಡಿ. ಗಾಬ್ಲಿನ್‌ಗೆ 7 ಹಿಟ್ ಪಾಯಿಂಟ್, ಅದರ ಮೇಲೆ ಸ್ಮೈಟ್ ಹಾಕಿದರೆ ವೇಸ್ಟ್. ವಿಜರ್ಡ್‌ನ ಫೈರ್‌ಬಾಲ್ (ಬೆಂಕಿಯುಂಡೆ) 8ಡಿ6, ಸರಾಸರಿ 28, ಸೇವ್ (ತಪ್ಪಿಸಿಕೊಳ್ಳಲು ಹಾಕುವ ಡೈಸ್) ಮಾಡಿ ಅರ್ಧ ತಪ್ಪಿಸಿಕೊಂಡರೂ 14. ಒಂದೇ ಸರದಿಯಲ್ಲಿ ಅರ್ಧ ಮೈದಾನ ಖಾಲಿ. ಆ ಕ್ಷಣದಲ್ಲಿ ಮೇಜು ಯಾರ ಕಡೆ ತಿರುಗುತ್ತದೆ ನೋಡಿ.

ಇನ್ನೊಂದು, ಎಲ್ಲ ವೈರಿಗಳೂ ಸಾಯುವವರೆಗೆ ಹೋರಾಡಬೇಕು ಅಂತ ಏನಿಲ್ಲ. ಒಬ್ಬ ಪೆಟ್ಟಿಗೆ ಎತ್ತಿಕೊಂಡು ಮಾಡಿನ ಮೇಲೆ ಓಡಲಿ. ಅವನ ಹಿಂದೆ ಬೀಳುವುದು ಕನ್ನಿಂಗ್ ಆ್ಯಕ್ಷನ್ (ಸರದಿಯಲ್ಲಿ ಇನ್ನಷ್ಟು ಓಡುವ ಚುರುಕು) ಇರುವ ರೋಗ್ ಕೆಲಸ. ಪ್ಲೇಟ್ ಹಾಕಿದ ಪ್ಯಾಲಡಿನ್ ಸರದಿಗೆ 30 ಅಡಿ ನಡೆಯುತ್ತಾನೆ, ಸದ್ದಿಲ್ಲದೆ ನುಸುಳಲೂ ಅವನಿಗೆ ಡಿಸ್‌ಅಡ್ವಾಂಟೇಜ್ (ಎರಡು ಸಲ ಡೈಸ್ ಹಾಕಿ ಕಡಿಮೆಯದನ್ನು ಹಿಡಿಯಬೇಕು). ನಾಲ್ಕು ಸುತ್ತಿನಲ್ಲಿ ಪೂಜೆ ಮುಗಿದು ಏನೋ ಅನಾಹುತ ಆಗುವುದಿದ್ದರೆ, ಆ ಪೂಜೆ ನಡೆಯುವ ಜಾಗ ಒಂದು ಕಡೆ, ಬಂಧಿಗಳು ಇನ್ನೊಂದು ಕಡೆ ಇರಲಿ. ಎಸಿ 23 ಇದ್ದರೂ ಒಬ್ಬ ಎರಡು ಕಡೆ ಇರಲು ಆಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಹೀಗೆ ಮಾಡುವಾಗ ಬರೀ ಅವನ ದೌರ್ಬಲ್ಯವನ್ನೇ ಹುಡುಕಿ ಹೊಡೆಯುವ ಆಸೆ ಬರುತ್ತದೆ. ಹೀಟ್ ಮೆಟಲ್ ಅನ್ನುವ ಸ್ಪೆಲ್ ಇದೆಯಲ್ಲ, ಪ್ಲೇಟ್ ಆರ್ಮರ್ ಕಾಯಿಸಿಬಿಟ್ಟರೆ ಎಸಿ ಎಷ್ಟಿದ್ದರೂ ಮೈ ಸುಡುತ್ತದೆ, ಕವಚ ಬಿಚ್ಚಲು 5 ನಿಮಿಷ ಬೇಕು. ಒಂದು ಸಲ ಮಾಡಿದರೆ ಅದು ನೆನಪಿಡುವಂಥ ಕಾಳಗ. ಮೂರು ವಾರ ಸಾಲಾಗಿ ಮಾಡಿದರೆ ಅದು ಸೇಡು. ನಾನು ಪಾಲಿಸುವ ಪದ್ಧತಿ, ಮೂರು ಕಾಳಗದಲ್ಲಿ ಒಂದಾದರೂ ಅವನು ಮನಸಾರೆ ಮೆರೆಯುವಂಥದ್ದು ಇರಬೇಕು. ಬಿಲ್ಲುಗಾರರು ಅವನ ಮೇಲೇ ಬಾಣ ಬಿಡಲಿ, ಎಲ್ಲ ಬಾಣವೂ ಗುರಾಣಿಗೆ ತಾಗಿ ಉದುರಲಿ. ಅವನು ಇಷ್ಟಪಟ್ಟು ಕಟ್ಟಿದ ಪಾತ್ರ ಅದು. ಅವನ ಶಕ್ತಿಯಲ್ಲಿ ಉಳಿದವರನ್ನು ಕಾಯುವ ಭಾಗವೂ ಇದೆ ಅನ್ನುವುದನ್ನು ಮರೆಯಬೇಡಿ. 6ನೇ ಲೆವೆಲ್‌ನಲ್ಲಿ ಬಂದ ಆರಾದಿಂದ (ಸುತ್ತ ಹರಡುವ ಪ್ರಭೆ) 10 ಅಡಿಯೊಳಗೆ ಇರುವ ಗೆಳೆಯರಿಗೆಲ್ಲ ಸೇವ್‌ಗೆ ಅವನ ಕರಿಸ್ಮ ಬೋನಸ್ ಸಿಗುತ್ತದೆ. ಅದನ್ನು ಕತ್ತರಿಸಿದರೆ ಮೊದಲು ನರಳುವುದು ವಿಜರ್ಡೇ.

ಅಂಕಗಳ ವಿಷಯ ಸುಲಭದ್ದು. ಪ್ಯಾಲಡಿನ್‌ನ ಆರು ಅಂಕ ಕೂಡಿಸಿದರೆ 88. ರೋಗ್‌ದು 70. ಪುಸ್ತಕ ಕೊಡುವ ಸಿದ್ಧ ಅಂಕಗಳು, 15, 14, 13, 12, 10, 8, ಕೂಡಿಸಿದರೆ 72. ರೋಗ್ ತೀರಾ ಕೆಳಗೇನಿಲ್ಲ, ಪ್ಯಾಲಡಿನ್ ತುಂಬಾ ಮೇಲಿದ್ದಾನೆ. ಅವನನ್ನು ಇಳಿಸಬೇಡಿ. ಮೂವರಿಗೂ ಹೇಳಿ, ಇಷ್ಟ ಇದ್ದವರು ಅವನಿಗೆ ಬಿದ್ದ ಅದೇ ಆರು ಅಂಕ ತೆಗೆದುಕೊಂಡು ತಮ್ಮ ಪಾತ್ರಕ್ಕೆ ಬೇಕಾದ ಹಾಗೆ ಜೋಡಿಸಿಕೊಳ್ಳಲಿ. ಯಾರಿಂದಲೂ ಏನೂ ಕಿತ್ತುಕೊಂಡಂತಾಗುವುದಿಲ್ಲ. ಪಾರ್ಟಿ ಒಟ್ಟಾರೆ ಜೋರಾಗುತ್ತದೆ ನಿಜ, ಆದರೆ ಎಲ್ಲರೂ ಸಮನಾಗಿ ಜೋರಾದರೆ ದೊಡ್ಡ ರಾಕ್ಷಸರನ್ನು ತರುವುದು ಆಗ ಉಪಯೋಗಕ್ಕೆ ಬರುತ್ತದೆ. ಮುಂದಿನ ಕ್ಯಾಂಪೇನ್‌ನಲ್ಲಿ ಡೈಸ್ ಹಾಕುವುದನ್ನೇ ಬಿಟ್ಟು 27 ಪಾಯಿಂಟ್‌ನಿಂದ ಅಂಕಗಳನ್ನು ಕೊಳ್ಳುವ ಪದ್ಧತಿ ಇಟ್ಟುಕೊಳ್ಳಿ.

ಮ್ಯಾಜಿಕ್ ವಸ್ತುಗಳಲ್ಲೂ ಹೀಗೆ. ಇನ್ನು ಮುಂದೆ ಸಿಗುವ ನಾಲ್ಕೈದು ವಸ್ತುಗಳು ಅವನಿಗೆ ಉಪಯೋಗಕ್ಕೇ ಬಾರದಂಥವು ಆಗಿರಲಿ. ಬ್ರೇಸರ್ಸ್ ಆಫ್ ಆರ್ಚರಿ ಬಿಲ್ಲಿನ ಪೆಟ್ಟಿಗೆ +2 ಕೊಡುತ್ತದೆ, ಕತ್ತಿ ಬೀಸುವವನಿಗೆ ಅದರಿಂದ ಏನೂ ಇಲ್ಲ. ಅತಿ ಮಾಡಬೇಡಿ, ಇಲ್ಲದಿದ್ದರೆ ಮೇಲೆ ಹೇಳಿದ ಮಾಂಟಿ ಹಾಲ್ ಸಾಲಿಗೆ ನೀವೂ ಸೇರುತ್ತೀರಿ.

ಕಾಳಗದ ಲೆಕ್ಕ ಇಷ್ಟು. ಆದರೆ ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚುಚ್ಚಿದ ಸಾಲು ಬೇರೆ: ಊರಿನಲ್ಲೂ ಮಾತಾಡುವುದು ಅವನೇ. ಕರಿಸ್ಮ 20 ಮತ್ತು ಪರ್ಸುವೇಶನ್ (ಮನವೊಲಿಸುವ ಕಲೆ) ಕಲಿತಿದ್ದರೆ ಅವನಿಗೆ +8. ಹಾಗಾಗಿ ಎಲ್ಲರೂ "ನೀನೇ ಮಾತಾಡು" ಅಂತ ಅವನನ್ನು ಮುಂದೆ ತಳ್ಳುತ್ತಾರೆ, ಅವನೂ ಹೋಗುತ್ತಾನೆ. ಕಾಳಗದಲ್ಲಿ ಹಿಂದೆ ಬಿದ್ದವರು ಮಾತಿನಲ್ಲೂ ಹಿಂದೆ ಬಿದ್ದರೆ ಅವರು ಬರುವುದಾದರೂ ಯಾಕೆ? ಸ್ಮೈಟ್‌ಗೆ ಮದ್ದು ಹುಡುಕುವುದಕ್ಕಿಂತ ಇದನ್ನು ಸರಿಮಾಡುವುದು ಸುಲಭ, ಫಲವೂ ಬೇಗ. ಎಲ್ಲ ಮಾತಿಗೂ ಡೈಸ್ ಕೇಳಬೇಡಿ. ಬಂದರಿನ ಕಳ್ಳಸಾಗಣೆದಾರ ರೋಗ್‌ನ ಹಳೇ ಪರಿಚಯದವನಾಗಿರಲಿ, ಹೊಳೆಯುವ ಕವಚದ ಧರ್ಮವೀರನನ್ನು ಕಂಡರೆ ಅವನು ಬಾಯಿ ಬಿಡುವುದಿಲ್ಲ. ಗ್ರಂಥಾಲಯದ ಮುದುಕಿ ವಿಜರ್ಡ್‌ನನ್ನು ಹೆಸರಿಟ್ಟು ಕರೆಯಲಿ. "ನೀವೆಲ್ಲ ಏನು ಮಾಡುತ್ತೀರಿ?" ಅಂತ ಸಾರ್ವಜನಿಕವಾಗಿ ಕೇಳಿದರೆ ಯಾವಾಗಲೂ ಚುರುಕಾದವನೇ ಉತ್ತರ ಕೊಡುತ್ತಾನೆ. ರೋಗ್ ಕಡೆ ತಿರುಗಿ, ಅವಳ ಪಾತ್ರದ ಹೆಸರು ಹಿಡಿದು ಕೇಳಿ, ಉತ್ತರ ಬರುವವರೆಗೆ ಕಾಯಿರಿ.

ರೂಲನ್ನೇ ಬದಲಿಸುವ ದಾರಿಯೂ ಇದೆ. ಆಟ ಮಾಡಿದವರೇ ಅದನ್ನು ಮಾಡಿದ್ದಾರೆ. 2024ರ ಪರಿಷ್ಕೃತ ಪುಸ್ತಕದಲ್ಲಿ ಡಿವೈನ್ ಸ್ಮೈಟ್ ಒಂದು ಸ್ಪೆಲ್ ಆಗಿದೆ, ಬೋನಸ್ ಆ್ಯಕ್ಷನ್ ಬೇಕು, ಹಾಗಾಗಿ ಸರದಿಗೆ ಒಂದೇ. ಸಬ್‌ಕ್ಲಾಸ್‌ಗಳೆಲ್ಲ (ಹೆಕ್ಸ್‌ಬ್ಲೇಡ್‌ನಂಥ ಒಳವರ್ಗಗಳು) 3ನೇ ಲೆವೆಲ್‌ಗೆ ಹೋಗಿವೆ, ಒಂದೇ ಲೆವೆಲ್ ಕೊಟ್ಟು ಹೆಕ್ಸ್‌ಬ್ಲೇಡ್ ಹಿಡಿಯುವ ದಾರಿ ಮುಚ್ಚಿದಂತೆ. "ಸರದಿಗೆ ಒಂದೇ ಸ್ಮೈಟ್" ಅನ್ನುವುದನ್ನು ಮಾತ್ರ ನೀವು ಎರವಲು ಪಡೆಯಬಹುದು. ಆದರೆ ಇದು ಅವನೊಬ್ಬನಿಗೇ ತಾಗುವ ಬದಲಾವಣೆ. ಮೇಲೆ ಹೇಳಿದ್ದನ್ನೆಲ್ಲ ಒಂದು ತಿಂಗಳು ಮಾಡಿ ನೋಡಿದ ಮೇಲೂ ಸಾಲದಿದ್ದರೆ ಮಾತ್ರ, ಅದೂ ಅವನು ಒಪ್ಪಿದರೆ ಮಾತ್ರ. ಒಪ್ಪಿದರೆ ಅವನಿಗೆ ಒಂದು ಸಲ ಪಾತ್ರವನ್ನು ಮತ್ತೆ ಕಟ್ಟುವ ಅವಕಾಶ ಕೊಡಿ. ಆ ಲೆವೆಲ್‌ಗಳನ್ನು ಅವನು ಆರಿಸಿದ್ದು ಹಳೇ ರೂಲ್ ನಂಬಿಕೊಂಡು. ಪಾತ್ರವನ್ನು ಕಥೆಯಲ್ಲಿ ಕೊಂದುಬಿಡುವ ಸಲಹೆಯನ್ನು ನಾನು ಚರ್ಚೆಗೂ ತೆಗೆದುಕೊಳ್ಳುವುದಿಲ್ಲ. ಇಂಥ ಆಟಗಾರ ಮುಂದಿನ ವಾರ ತರುವ ಹೊಸ ಪಾತ್ರ ಇದಕ್ಕಿಂತ ಜೋರಾಗಿರುತ್ತದೆ.

ಮಾತಾಡುವುದು ಹೇಗೆ ಅನ್ನುವುದಕ್ಕೆ ಬರೋಣ. ಆಟದ ದಿನ ಬೇಡ, ಗ್ರೂಪ್ ಚಾಟ್‌ನಲ್ಲಂತೂ ಬೇಡವೇ ಬೇಡ. ವಾರದ ಮಧ್ಯೆ ಎಲ್ಲಾದರೂ ಕಾಫಿಗೆ ಸಿಕ್ಕಿ. "ನಿನ್ನ ಪಾತ್ರ ಅತಿಯಾಯಿತು" ಅಂತ ಶುರು ಮಾಡಿದರೆ ಅವನು ರೂಲ್ ಪುಸ್ತಕ ತೆಗೆದು ವಾದಕ್ಕೆ ನಿಲ್ಲುತ್ತಾನೆ, ಆ ವಾದದಲ್ಲಿ ನೀವು ಗೆಲ್ಲುವುದಿಲ್ಲ, ಯಾಕೆಂದರೆ ಅವನು ನಿಮಗಿಂತ ಚೆನ್ನಾಗಿ ಓದಿಕೊಂಡಿದ್ದಾನೆ. "ಉಳಿದ ಮೂವರು ಕಾಳಗದಲ್ಲಿ ಏನೂ ಮಾಡಲು ಆಗದೆ ಕೂತಿದ್ದಾರೆ, ನನಗೆ ನಿನ್ನ ಸಹಾಯ ಬೇಕು" ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ರೂಲ್ ಚೆನ್ನಾಗಿ ಓದಿದವನು ರೋಗ್‌ಗೆ ಒಳ್ಳೆಯ ಪಾತ್ರ ಕಟ್ಟಲು ನಿಮಗಿಂತ ಹೆಚ್ಚು ನೆರವಾಗಬಲ್ಲ, ಅದನ್ನೂ ಕೇಳಿ. ಹೆಚ್ಚಿನವರು ಖುಷಿಯಿಂದ ಒಪ್ಪುತ್ತಾರೆ. ಒಪ್ಪದೆ, "ಅವರು ಓದಿಕೊಂಡು ಬರಲಿ, ನನಗೇನು?" ಅನ್ನುವವರೂ ಸಿಗುತ್ತಾರೆ. ಆಗ ನಿಮ್ಮ ಮುಂದಿರುವುದು ಪ್ಯಾಲಡಿನ್‌ನ ಸಮಸ್ಯೆ ಅಲ್ಲ, ಆ ಗೆಳೆಯನ ಜೊತೆ ಈ ಆಟ ಮುಂದುವರಿಸಬೇಕಾ ಅನ್ನುವ ಪ್ರಶ್ನೆ. ಅದಕ್ಕೆ ಯಾವ ರೂಲ್ ತಿದ್ದಿದರೂ ಉತ್ತರ ಸಿಗುವುದಿಲ್ಲ.

ಆದರೆ ಅವನ ಹತ್ತಿರ ಹೋಗುವ ಮೊದಲು ವಿಜರ್ಡ್ ಆಡುವವನಿಗೆ ಫೋನ್ ಮಾಡಿ. ಬಂದಿಲ್ಲದ್ದಕ್ಕೆ ಕಾರಣ ಆಟವೇ ಅಂತ ನೀವೂ ಊಹಿಸಿದ್ದೀರಿ, ಮೇಲೆ ನಾನೂ ಊಹಿಸಿದ್ದೇನೆ. ಆಫೀಸಿನ ಕೆಲಸ ಇರಬಹುದು, ಮನೆಯಲ್ಲಿ ಏನಾದರೂ ಇರಬಹುದು. ರೋಗ್ ಆಡುವವಳನ್ನೂ ಹಾಗೇ ಬೇರೆಯಾಗಿ ಕೇಳಿ: ಯಾವ ಭಾಗದಲ್ಲಿ ಬೇಜಾರಾಗುತ್ತದೆ, ಕಾಳಗದಲ್ಲಾ, ಊರಿನಲ್ಲಾ? ಊರಿನಲ್ಲಿ ಅಂದರೆ ಸ್ಲಾಟ್ ಲೆಕ್ಕ, ಗಾಬ್ಲಿನ್ ಲೆಕ್ಕ ಎಲ್ಲ ಆಮೇಲೆ ಇಟ್ಟುಕೊಳ್ಳಿ, ಬರುವ ಭಾನುವಾರ ಆ ಕಳ್ಳಸಾಗಣೆದಾರನಿಂದಲೇ ಶುರು ಮಾಡಿ.